ಕೌದಿಯ ಮೇಲಿನ ಕಾಷ್ಠತರಂಗ

ಮದುವೆಯಾಗಿ ಕಾರಟಗಿಗೆ ಬಂದಾಗ ನನ್ನ ಜೊತೆ ಕಾಷ್ಠತರಂಗವೂ ಬಂತು. ಸಾಗವಾನಿ ಪಟ್ಟಿಗಳನ್ನು ಸಾಲಾಗಿ ಜೋಡಿಸಿ ಎರಡು ಕೋಲುಗಳಿಂದ ನುಡಿಸುವ ವಾದ್ಯ. ಗಂಗಾವತಿಯ ನನ್ನ ಗುರುಗಳು ಮಾಡಿಸಿಕೊಟ್ಟಿದ್ದರು. ಮೊದಮೊದಲು ಮಾವನವರು ಪಕ್ಕದಲ್ಲೇ ಕುಳಿತು ಕೇಳುತ್ತಿದ್ದರು. ಆಮೇಲೆ ಅವರಿಗೆ ಲಕ್ವಾ ಹೊಡೆಯಿತು. ಮಾತು ಹೋಯಿತು, ಹಾಸಿಗೆ ಹಿಡಿದರು. ಪಕ್ಕದ ಅಕ್ಕಿ ಮಿಲ್ಲಿನ ಗುಂಯ್ ಎನ್ನುವ ಸದ್ದು ಅವರಿಗೆ ರೂಢಿ. ಮರದ ಮೇಲೆ ಕೋಲು ಬಿದ್ದರೆ ಮಾತ್ರ ಬೆಚ್ಚಿ ಅಳುತ್ತಿದ್ದರು.

"ಅಪ್ಪ ಆರಾಮಾದ ಮ್ಯಾಲೆ ಬಾರಿಸುವಂತಿ, ಅಲ್ಲೀತನ ತೆಗೆದಿಡು," ಎಂದರು ಗಂಡ.

ನನಗೆ ಉಳಿದದ್ದು ಸಂಗೀತದ ಶಾಸ್ತ್ರ ಮಾತ್ರ. ದಿನಾ ಮಧ್ಯಾಹ್ನ ಮಾವನಿಗೆ ಗಂಜಿ ಕುಡಿಸಿ, ಬಾಯಿ ಒರೆಸಿ, ಒಳಕೋಣೆಯಲ್ಲಿ ಕೌದಿ ಮಡಚಿಟ್ಟುಕೊಂಡು ಕೂರುತ್ತಿದ್ದೆ. ಮಿಲ್ಲಿನ ಸದ್ದನ್ನೇ ಷಡ್ಜವೆಂದು ಹಿಡಿದು ಉಳಿದ ಸ್ವರಗಳನ್ನು ಮನಸ್ಸಿನಲ್ಲೇ ಅಳೆಯುವುದು. ಕೌದಿಯ ಮೇಲೆ ಕೋಲಾಡಿಸುತ್ತ ರಾಗದ ಆರೋಹ, ಅವರೋಹ, ಮುಖ್ಯ ಸ್ವರಗಳಾದ ವಾದಿ, ಸಂವಾದಿ ಒಪ್ಪಿಸುವುದು. ತುಟಿ ಕೂಡ ಅಲುಗುತ್ತಿರಲಿಲ್ಲ.

ಒಂದು ದಿನ ಹಾಗೆ ಕುಳಿತಿದ್ದಾಗ, ನಾನು ಯಾವುದಕ್ಕೆ ಕಾಯುತ್ತಿದ್ದೇನೆ ಎಂಬುದು ಹೊಳೆದು ಕೈ ನಿಂತಿತು. ಮಾವ ಇನ್ನು ಏಳುವುದಿಲ್ಲವೆಂದು ಡಾಕ್ಟರು ಹೇಳಿಯಾಗಿತ್ತು. ಹಾಗಾದರೆ ವಾದ್ಯ ಹೊರಬರಲು ಏನಾಗಬೇಕು? ಎದ್ದು ಹೋಗಿ ಅವರ ಹೊದಿಕೆ ಸರಿಮಾಡಿದೆ. ಅವರು ಸ್ವಾಧೀನವಿದ್ದ ಕೈಯಿಂದ ನನ್ನ ಬೆರಳು ಹಿಡಿದುಕೊಂಡರು. ನಿದ್ದೆ ಹತ್ತಿದ ಮೇಲೂ ಬಿಡಲಿಲ್ಲ. ಬಿಡಿಸಿಕೊಳ್ಳಲು ನನಗೆ ಧೈರ್ಯವಾಗಲಿಲ್ಲ.

ಈ ವರ್ಷ ಗಂಗಾವತಿಯಲ್ಲಿ ಸಂಗೀತ ಪರೀಕ್ಷೆ ಇತ್ತು. "ಹೋಗಿ ಬಾರವ್ವಾ, ಒಂದಿನ ನಾ ನೋಡ್ಕೋತೀನಿ," ಎಂದು ಅತ್ತೆಯೇ ಕಳಿಸಿದರು. ಶಾಸ್ತ್ರದ ಪತ್ರಿಕೆಯನ್ನು ಪೆನ್ನು ಎತ್ತದೆ ಬರೆದೆ. ನುಡಿಸುವ ಸರದಿ ಬಂದಾಗ, ಕೋಲು ಮರಕ್ಕೆ ಬಿದ್ದ ಸದ್ದಿಗೆ ನಾನೇ ಬೆಚ್ಚಿದೆ. ಕೈ ತಾನಾಗಿಯೇ ಹಗುರಾಯಿತು.

"ಜೋರ್ ಬಾರಿಸ್ರಿ, ಕೇಳವಲ್ದು," ಎಂದರು ಪರೀಕ್ಷಕರು.

ಮತ್ತೆ ಕೋಲೆತ್ತಿದೆ. ರಾಗ ತಲೆಯಲ್ಲಿ ಸ್ಪಷ್ಟವಾಗಿತ್ತು. ಪಟ್ಟಿಯ ಹತ್ತಿರ ಬಂದಂತೆ ಮಣಿಕಟ್ಟು ಸೋಲುತ್ತಿತ್ತು. ಅವರು ಸ್ವಲ್ಪ ಹೊತ್ತು ಕಾದು, ಸಾಕು ಎಂದು ಕೈ ಮಾಡಿದರು.

ಫಲಿತಾಂಶ ಬಂದ ದಿನ ಅತ್ತೆ ಜೋಳ ಹಸನು ಮಾಡುತ್ತಿದ್ದರು. "ಏನಾತು?"

"ಬರೆಯೂದು ಪಾಸಾತ್ರಿ. ಬಾರಿಸೂದು ಆಗಲಿಲ್ಲ."

"ಅದನ್ನ ಯಾವಾಗ ಮಾಡ್ತಿ?"

ಕೇಳಿಬಿಟ್ಟ ಮೇಲೆ ಅವರ ಕೈ ಮೊರದಲ್ಲೇ ನಿಂತಿತು, ಕಣ್ಣು ಮಾವ ಮಲಗಿದ್ದ ಕಡೆ ಹೋಯಿತು. ನಾನು ಮಾವನಿಗೆ ಗಂಜಿ ಕಾಸಲು ಎದ್ದೆ.