ತುರ್ತಾಗಿ ಒಬ್ಬ ಜರ್ಮನ್ ಬೇಕಾಗಿದ್ದಾರೆ

ನಾನು ಪರ್ತ್‌ಗೆ ಹೋದದ್ದು ಜರ್ಮನಿಯ ಆಧುನಿಕ ಇತಿಹಾಸ ಓದುವುದಕ್ಕೆ. ಈ ಮಾತನ್ನು ಹೇಳಿದಾಗಲೆಲ್ಲ ಎದುರಿನವರು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಮತ್ತೆ ಜರ್ಮನಿಗೇ ಹೋಗ್ಬಹುದಿತ್ತಲ್ಲಮ್ಮ?" ಮೈಸೂರಿನ ನಮ್ಮ ವಿಭಾಗಕ್ಕೆ ವಿದ್ಯಾರ್ಥಿ ವಿನಿಮಯದ ಒಪ್ಪಂದವಿದ್ದದ್ದು ಪರ್ತ್‌ನ ಒಂದು ವಿಶ್ವವಿದ್ಯಾಲಯದ ಜೊತೆ, ಆ ಸೆಮಿಸ್ಟರಿನಲ್ಲಿ ನನ್ನ ಎಂ.ಎ.ಗೆ ಹೊಂದುವ ಪತ್ರಿಕೆ ಅಲ್ಲಿ ಇದೊಂದೇ ಇತ್ತು. ಇಷ್ಟನ್ನು ವಿವರಿಸುವಷ್ಟರಲ್ಲಿ ಕೇಳಿದವರು ಪಲಾವಿನ ಪಾತ್ರೆಯ ಕಡೆ ತಿರುಗಿರುತ್ತಿದ್ದರು.

ಕೇಳುತ್ತಿದ್ದವರು ಪರ್ತ್‌ನ ವಿಲೆಟನ್ ಬಡಾವಣೆಯ ಅಂಕಲ್ ಮನೆಗೆ ಭಾನುವಾರದ ಊಟಕ್ಕೆ ಬರುವವರು. ಅಂಕಲ್ ನನ್ನ ಅಪ್ಪನ ಸಹಪಾಠಿ, ಗಣಿ ಕಂಪನಿಯಲ್ಲಿ ಭೂವಿಜ್ಞಾನಿ. ಎರಡು ವಾರ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ. ನಾನು ವಿಶ್ವವಿದ್ಯಾಲಯದ ಹತ್ತಿರದ ಬೆಂಟ್ಲಿಯಲ್ಲಿ ಇನ್ನೂ ನಾಲ್ವರ ಜೊತೆ ಬಾಡಿಗೆ ಮನೆಯಲ್ಲಿದ್ದೆ. ಅಂಕಲ್ ಊರಲ್ಲಿದ್ದ ಭಾನುವಾರ ನಾನು ಬಸ್ಸು ಹತ್ತಿ ಬರಲೇಬೇಕೆಂದು ಅಪ್ಪನಿಗೂ ಅವರಿಗೂ ಮಾತಾಗಿತ್ತು. ನನ್ನನ್ನು ಯಾರೂ ಕೇಳಿರಲಿಲ್ಲ.

ಆ ಪತ್ರಿಕೆಯ ಅರ್ಧದಷ್ಟು ಅಂಕ ಒಂದೇ ಕೆಲಸಕ್ಕೆ ಮೀಸಲಾಗಿತ್ತು. ಯುದ್ಧ ಮುಗಿದ ನಂತರದ ದಶಕಗಳಲ್ಲಿ ಜರ್ಮನಿಯಲ್ಲಿ ಬದುಕಿದ್ದ ಒಬ್ಬರನ್ನು ಹುಡುಕಿ, ಅವರ ನೆನಪುಗಳನ್ನು ಅವರದೇ ಮಾತಿನಲ್ಲಿ ರೆಕಾರ್ಡ್ ಮಾಡಿಕೊಂಡು, ಪ್ರತಿ ಪದವನ್ನೂ ಬರೆದು ಒಪ್ಪಿಸಬೇಕು. ರೆಕಾರ್ಡಿಂಗಿನಲ್ಲಿ ಯಾರ ದನಿ ಕೇಳಿಸಿದರೂ ಅವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿರಬೇಕು. ಇದರಲ್ಲಿ ನಪಾಸಾದರೆ ಮೈಸೂರಿನಲ್ಲಿ ಕ್ರೆಡಿಟ್ ಸೇರುವುದಿಲ್ಲ. ಒಂದು ವರ್ಷ ಕಿರಿಯರ ಜೊತೆ ಕೂತು ಮತ್ತೆ ಓದಬೇಕು. ತರಗತಿಯ ಉಳಿದವರಿಗೆ ಒಬ್ಬ ಅಜ್ಜಿಯೋ ಕುಟುಂಬದ ಗೆಳೆಯರೋ ಇದ್ದರು. ನನಗೆ ಗೊತ್ತಿದ್ದವರೆಲ್ಲ ಮೈಸೂರು, ಮಂಡ್ಯ, ಬೆಂಗಳೂರಿನವರು.

ಇದನ್ನು ಭಾನುವಾರದ ಊಟದಲ್ಲಿ ಬಾಯಿಬಿಟ್ಟದ್ದು ನನ್ನ ತಪ್ಪು. ಪಾಯಸ ಮುಗಿಯುವಷ್ಟರಲ್ಲಿ ಅಂಕಲ್ ಆಸ್ಟ್ರೇಲಿಯಾ ಕನ್ನಡಿಗರ ವಾಟ್ಸ್ಯಾಪ್ ಗುಂಪಿಗೆ ಹಾಕಿಬಿಟ್ಟಿದ್ದರು: "ತುರ್ತಾಗಿ ಒಬ್ಬ ಜರ್ಮನ್ ಬೇಕಾಗಿದ್ದಾರೆ. ವಯಸ್ಸಾಗಿರಬೇಕು. ನಮ್ಮ ಹುಡುಗಿಯ ಪರೀಕ್ಷೆಗೆ." ಕೆಳಗೆ ನನ್ನ ಫೋನ್ ನಂಬರು.

ಮೊದಲ ಕರೆ ಬ್ರಿಸ್ಬೇನ್‌ನಿಂದ. ಒಬ್ಬ ಸಾಫ್ಟ್‌ವೇರ್ ಅಂಕಲ್.

"ನಾನು ಸ್ಟುಟ್‌ಗಾರ್ಟ್‌ನಲ್ಲಿ ಎಂಟು ತಿಂಗಳು ಆನ್‌ಸೈಟ್ ಇದ್ದೆ. ಏನ್ ಬೇಕೋ ಕೇಳಮ್ಮ, ಸಂಕೋಚ ಬೇಡ."

"ಯುದ್ಧ ಆದ ಮೇಲಿನ ಕಾಲ ಬೇಕಿತ್ತು ಅಂಕಲ್."

"ಯುದ್ಧ ಆದ್ಮೇಲೇ ಅಲ್ವೇನಮ್ಮ ನಾನ್ ಹೋಗಿದ್ದು?"

ಅವರು ಅಲ್ಲಿನ ಗಟ್ಟಿ ಬ್ರೆಡ್ಡಿನ ಬಗ್ಗೆ, ಕಸವನ್ನು ಬೇರೆ ಬೇರೆ ಡಬ್ಬಿಗೆ ಹಾಕುವ ಶಿಸ್ತಿನ ಬಗ್ಗೆ ಬಹಳ ಹೊತ್ತು ಮಾತಾಡಿದರು. ಮೂರು ದಿನ ಬಿಟ್ಟು ಮತ್ತೆ ಫೋನು: "ಇನ್ನೊಂದ್ ಪಾಯಿಂಟ್ ನೆನಪಾಯ್ತು, ಬರ್ಕೋ."

ಕೊನೆಗೆ ನಿಜವಾದ ಜರ್ಮನ್ ಸಿಕ್ಕಿದ್ದು ಅಡಿಲೇಡ್‌ನಲ್ಲಿ. ವಿಲೆಟನ್ ಅಂಕಲ್ ಅವರ ಅಕ್ಕ, ನನಗೆ ಆಂಟಿ, ಅಲ್ಲಿನ ಬ್ಲೇರ್ ಅಥಾಲ್ ಬಡಾವಣೆಯಲ್ಲಿದ್ದರು; ಅವರ ಪಕ್ಕದ ಮನೆಯಾಕೆ. ಎಪ್ಪತ್ತು ದಾಟಿದವರು, ಬರ್ಲಿನ್ ಗೋಡೆ ಏಳುವ ಮುನ್ನ, ಬಾಲ್ಯದಲ್ಲಿ, ಪೂರ್ವ ಬರ್ಲಿನ್‌ನಿಂದ ತಾಯಿಯ ಜೊತೆ ಪಶ್ಚಿಮಕ್ಕೆ ದಾಟಿ ಬಂದವರು. ಆಕೆಗೆ ಇಮೇಲ್ ಇರಲಿಲ್ಲವಾದ್ದರಿಂದ ಒಪ್ಪಿಗೆ ಪತ್ರವನ್ನು, ಅದರ ಜೊತೆ ಕಡ್ಡಾಯವಾಗಿ ಕಳಿಸಬೇಕಾದ ಪ್ರಶ್ನೆಗಳ ಪಟ್ಟಿಯನ್ನು, ಆಂಟಿಗೆ ಕಳಿಸಿದೆ. ಫೋನಿನಲ್ಲಿ ಒಂದೇ ಮಾತು ಹೇಳಿದ್ದೆ: "ಸುಮ್ನೆ ಕೊಟ್ಬಿಡಿ ಆಂಟಿ, ಏನೂ ಹೇಳಿಕೊಡಬೇಡಿ."

"ನಾನ್ಯಾಕೆ ಹೇಳ್ಕೊಡ್ಲಿ ಕಣೆ, ಅವಳ ದೇಶ, ಅವಳಿಗೆ ಗೊತ್ತಿರಲ್ವಾ?"

ಶನಿವಾರ ಬೆಳಿಗ್ಗೆಯ ವಿಮಾನದಲ್ಲಿ ಹೋದೆ. ಭಾನುವಾರ ಬೆಳಿಗ್ಗೆ ವಾಪಸ್, ಬರುವ ಶುಕ್ರವಾರ ಒಪ್ಪಿಸಬೇಕು. ಎರಡನೇ ಅವಕಾಶ ಇರಲಿಲ್ಲ.

ಆಂಟಿಯ ಊಟದ ಮೇಜಿನ ಮುಂದೆ ಆ ಹಿರಿಯಾಕೆ ಇಸ್ತ್ರಿ ಮಾಡಿದ ಬ್ಲೌಸು ಹಾಕಿಕೊಂಡು ನೆಟ್ಟಗೆ ಕೂತಿದ್ದರು. ಕೈಯಲ್ಲಿ ನಾಲ್ಕು ಹಾಳೆ. ಆಂಟಿಯ ದುಂಡನೆಯ ಇಂಗ್ಲಿಷ್ ಅಕ್ಷರ, ಶೀರ್ಷಿಕೆಗಳ ಕೆಳಗೆ ಕೆಂಪು ಗೆರೆ. ಆಂಟಿ ಮದುವೆಯ ನಂತರ ಹತ್ತು ವರ್ಷ ಮೈಸೂರಿನಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಮಾಜ ವಿಜ್ಞಾನದ ಟ್ಯೂಷನ್ ಹೇಳಿದ್ದವರು ಎಂಬುದು ನನಗೆ ಆಗಷ್ಟೇ ನೆನಪಾಯಿತು.

"ಲೈಬ್ರರಿಯಿಂದ ಬುಕ್ ತಂದು ಇಬ್ರೂ ಕೂತು ರೆಡಿ ಮಾಡಿದ್ವಿ," ಎಂದರು ಆಂಟಿ. "ನಿಂಗೆ ಒಂದ್ ಮಾರ್ಕೂ ಹೋಗ್ಬಾರ್ದು."

ರೆಕಾರ್ಡರ್ ಹಾಕಿದೆ. ಆಕೆ ಕನ್ನಡಕ ಏರಿಸಿ ಇಂಗ್ಲಿಷಿನಲ್ಲಿ ಓದತೊಡಗಿದರು: "ಗೋಡೆ ಕಟ್ಟಲು ಕಾರಣಗಳು. ಒಂದು, ಆರ್ಥಿಕ. ಎರಡು, ರಾಜಕೀಯ." ಎಲ್ಲಾದರೂ ತಡವರಿಸಿದರೆ ಆಂಟಿ ಪಕ್ಕದಿಂದ ಎತ್ತಿಕೊಡುತ್ತಿದ್ದರು. ಹಾಳೆ ಬದಿಗಿಟ್ಟು ನೀವು ಕಂಡದ್ದನ್ನು ಹೇಳಿ ಎಂದು ಆದಷ್ಟು ಮೆದುವಾಗಿ ಕೇಳಿಕೊಂಡೆ. ಆಕೆ ಗಾಬರಿಯಿಂದ ಆಂಟಿಯನ್ನು ನೋಡಿದರು. "ಆದರೆ ಇದರಲ್ಲಿ ಎಲ್ಲ ಸರಿಯಾಗಿದೆ. ನನಗೆ ನೆನಪಿರುವುದೆಲ್ಲ ಬರೀ ಮಕ್ಕಳ ವಿಷಯ," ಎಂದು ಮೂರನೆಯ ಕಾರಣಕ್ಕೆ ಹೋದರು.

ಅರ್ಧ ಗಂಟೆ ಹೀಗೇ ಕಳೆಯಿತು. ಎರಡನೆಯ ಹಾಳೆಯ ಕೊನೆಗೆ ಹೊರಗೆ ಹನಿ ಬೀಳತೊಡಗಿತು. "ಅಯ್ಯೋ, ಬಟ್ಟೆ!" ಎಂದು ಆಂಟಿ ಹಿತ್ತಲಿಗೆ ಓಡಿದರು. ನಾನು ರೆಕಾರ್ಡರ್ ನಿಲ್ಲಿಸಿದೆ. ಅನಗತ್ಯ ಸದ್ದು ಬೇಡವೆಂದು, ಅಚ್ಚುಕಟ್ಟಿಗಾಗಿ.

ಆಕೆ ಕಿಟಕಿಯಾಚೆ ಆಂಟಿ ಸೀರೆ ಎಳೆದುಕೊಳ್ಳುತ್ತಿದ್ದುದನ್ನು ನೋಡುತ್ತ ಹೇಳಿದರು: "ನಾವು ಹೊರಟ ದಿನ ನನ್ನಮ್ಮ ಬಟ್ಟೆ ಒಗೆದು ತಂತಿಯ ಮೇಲೆ ಹರವಿದಳು. ಸಂಜೆ ವಾಪಸ್ ಬರುತ್ತೇವೆಂದು ಪಕ್ಕದವರು ತಿಳಿಯಲಿ ಅಂತ. ನನ್ನ ನೀಲಿ ಫ್ರಾಕೂ ಅಲ್ಲೇ ಇತ್ತು."

ನನ್ನ ಕೈ ರೆಕಾರ್ಡರಿನ ಕಡೆ ಹೋಯಿತು. ಅದು ನಿಂತೇ ಇತ್ತು. ಅವಸರದಲ್ಲಿ ಗುಂಡಿ ಒತ್ತಿ, ಇನ್ನೊಮ್ಮೆ ಹೇಳುತ್ತೀರಾ ಎಂದೆ.

"ಅದು ಏನೂ ಅಲ್ಲ," ಎಂದು ಆಕೆ ಹಾಳೆ ತಿರುವಿದರು. "ಪರಿಣಾಮಗಳನ್ನು ಓದಲೇ?"

ಬುಟ್ಟಿ ಹಿಡಿದು ಒಳಗೆ ಬಂದ ಆಂಟಿಗೆ ನಾನು ಕನ್ನಡದಲ್ಲಿ, ನನಗೇ ಪರಿಚಯವಿಲ್ಲದ ದನಿಯಲ್ಲಿ ಹೇಳಿದೆ: "ಆಂಟಿ, ನಿಮ್ಮ ಪಾಯಿಂಟ್ಸ್‌ನಿಂದ ನಾನು ಫೇಲಾಗ್ತೀನಿ. ಅವರ ಫ್ರಾಕಿನ ಕಥೆ ಬೇಕು ನಂಗೆ. ಈಗ ಹೇಳ್ತಿದ್ರು, ನಿಲ್ಲಿಸ್ಬಿಟ್ರು."

ಆಂಟಿ ಬುಟ್ಟಿಯನ್ನು ಮೇಜಿನ ಮೇಲೆ, ಸರಿಯಾಗಿ ಆ ನಾಲ್ಕು ಹಾಳೆಗಳ ಮೇಲೇ ಮಗುಚಿ, ಅರ್ಧ ರಾಶಿಯನ್ನು ಹಿರಿಯಾಕೆಯ ಮುಂದೆ ತಳ್ಳಿದರು. ಇಬ್ಬರೂ ಮಡಚತೊಡಗಿದರು, ಅದು ಅವರಿಗೆ ರೂಢಿಯೆಂದು ಕಾಣುತ್ತಿತ್ತು.

"ಯಾವ ಫ್ರಾಕು? ನಂಗೆ ಹೇಳೇ ಇಲ್ಲ," ಎಂದರು ಆಂಟಿ, ಇಂಗ್ಲಿಷಿನಲ್ಲೂ ಅದೇ ಧಾಟಿ.

ಆಕೆ ಮತ್ತೆ ಹೇಳಿದರು. ಈ ಸಲ ಫ್ರಾಕಿಗೆ ಜೇಬುಗಳಿದ್ದವು. ಅಂದು ಒಗೆಯುವ ದಿನವೇ ಆಗಿರಲಿಲ್ಲವಂತೆ, ಪಕ್ಕದಾಕೆ ಅದನ್ನೇ ಕೇಳಿದ್ದಳಂತೆ. ಬಟ್ಟೆ ಯಾರು ತೆಗೆಯುತ್ತಾರೆ ಎಂದು ರೈಲಿನಲ್ಲಿ ಕೇಳಿದಾಗ ಅಮ್ಮ ಕೈ ಹಿಸುಕಿದಳಂತೆ.

"ಒದ್ದೆ ಇದ್ರೆ ಏನು, ಹಿಂಡಿ ಬ್ಯಾಗಲ್ಲಿ ಹಾಕ್ಕೊಂಡ್ ಬರ್ಬೇಕಿತ್ತು."

"ಬ್ಯಾಗು ಹಿಡಿದರೆ ಅನುಮಾನ ಬರುತ್ತಿತ್ತು, ಪೆದ್ದಿ."

"ಹೋಗ್ಲಿ, ಪಕ್ಕದವಳು ತೆಗೆದಿಟ್ಟಿರ್ತಾಳೆ."

"ತೆಗೆಯಲಿಲ್ಲ. ಮೂರು ದಿನ ಅಲ್ಲೇ ನೇತಾಡಿತಂತೆ. ಆಮೇಲೆ ಅವಳೇ ಪೊಲೀಸರಿಗೆ ಹೇಳಿದಳು ಎಂದು ಅಮ್ಮನಿಗೆ ಕಾಗದ ಬಂತು. ಅಮ್ಮ ಸಾಯುವ ತನಕ ಅವಳನ್ನು ಕ್ಷಮಿಸಲಿಲ್ಲ."

ಆಂಟಿ ದಿಂಬಿನ ಕವರು ಕೊಡವಿದರು. "ಮೂರ್ ದಿನ ಕಾದ್ಳಲ್ಲ, ಪುಣ್ಯಾತ್ಗಿತ್ತಿ. ಮಾರನೇ ದಿನವೇ ಹೇಳ್ಬಹುದಿತ್ತು."

ಆ ಪುಣ್ಯಾತ್ಗಿತ್ತಿಯನ್ನು ಮಾತ್ರ ಕನ್ನಡದಲ್ಲೇ ಹೇಳಿದ್ದರು. ಅರ್ಥ ಕೇಳಿ ತಿಳಿದುಕೊಂಡ ಮೇಲೆ ಹಿರಿಯಾಕೆ ಮಡಚುತ್ತಿದ್ದ ಟವೆಲನ್ನು ಹಾಗೇ ಹಿಡಿದು ಕೂತರು. ರೆಕಾರ್ಡಿಂಗಿನಲ್ಲಿ ಆಮೇಲೆ ಅವರ ದನಿ: "ನಾನು ಹಾಗೆ ಯೋಚಿಸಿರಲಿಲ್ಲ."

ಇನ್ನು ಉಳಿದದ್ದು ಸಹಿ. ಆಂಟಿಯ ದನಿಯೂ ಇದ್ದುದರಿಂದ ಅವರದೂ ಬೇಕಿತ್ತು. "ಸೈನ್ ಗೀನ್ ಎಲ್ಲ ನಮ್ಮನೆಯವರು ನೋಡ್ದೆ ಮಾಡಲ್ಲ ನಾನು. ಈ ಸೋಮವಾರ ಅಲ್ಲ, ಮುಂದಿನ ಸೋಮವಾರ ಬರ್ತಾರೆ," ಎಂದರು. ಪರರ ದೇಶದ ಇತಿಹಾಸವನ್ನು ನಾಲ್ಕು ಹಾಳೆಗಿಳಿಸಿದವರು ಒಂದು ಹಾಳೆಗೆ ಸಹಿ ಹಾಕಲು ಒಲ್ಲೆ ಎನ್ನುತ್ತಿದ್ದರು. ನಾನು ವಿವರಿಸಿದೆ, ಬೇಡಿದೆ. ಕೊನೆಗೆ ಹಿರಿಯಾಕೆಯೇ ಪೆನ್ನು ತೆಗೆದು ಆಂಟಿಯ ಬೆರಳ ಸಂದಿಗೆ ಸಿಕ್ಕಿಸಿದರು. ಆಂಟಿ ಪ್ರತಿ ಸಾಲನ್ನೂ ಓದಿ, ಒಂದು ಅಲ್ಪವಿರಾಮ ತಿದ್ದಿ, ಕನ್ನಡದಲ್ಲಿ ಸಹಿ ಹಾಕಿದರು.

ಫಲಿತಾಂಶ ಬಂದ ದಿನ ನಾನಾಗಿಯೇ ಅಡಿಲೇಡ್‌ಗೆ ಫೋನ್ ಮಾಡಿದೆ.

"ಎಷ್ಟು?"

"ಎಪ್ಪತ್ತೆಂಟು, ಆಂಟಿ. ಕ್ರೆಡಿಟ್ ಸೇರುತ್ತೆ."

ಆಚೆ ಕಡೆ ಯಾರಿಗೋ ಇಂಗ್ಲಿಷಿನಲ್ಲಿ ಹೇಳಿದ್ದು ಕೇಳಿಸಿತು. ಪಕ್ಕದ ಮನೆಯ ಹಿರಿಯಾಕೆ ಏನೋ ಸಂತೋಷದ ಸದ್ದು ಮಾಡಿದರು. ಆಂಟಿ ಮಾಡಲಿಲ್ಲ.

"ಉಳಿದ ಇಪ್ಪತ್ತೆರಡು ಎಲ್ ಹೋಯ್ತು?"

"ಇಲ್ಲಿ ಅದು ಒಳ್ಳೇ ಮಾರ್ಕ್ಸೇ ಆಂಟಿ."

"ಇರ್ಬಹುದು. ಪರಿಣಾಮಗಳನ್ನ ಓದಕ್ಕೇ ಬಿಡ್ಲಿಲ್ವಲ್ಲ ನೀನು," ಎಂದರು.