ಸೆರಗಿನ ಮರೆಯ ಪಂಪು

ಗೋಕುಲ ರಸ್ತೆಯ ಹಿಂದಿನ ನಮ್ಮ ಓಣಿಗೆ ಬೆಳಗಾಗುತ್ತಿದ್ದದ್ದು ಪಕ್ಕದ ಮನೆಯ ಶರಣವ್ವ ರೊಟ್ಟಿ ಬಡಿಯುವ ಸಪ್ಪಳದಿಂದ. ಗಂಡ ಸತ್ತ ಮೇಲೆ ಖಾನಾವಳಿಗಳಿಗೆ ರೊಟ್ಟಿ ಮಾಡಿಕೊಟ್ಟೇ ಮಗಳು ರಜನಿಯನ್ನು ಓದಿಸಿದಳು. ಮನೆಯಲ್ಲಿ ಗ್ಯಾಸ್ ಇತ್ತು. ಆದರೆ ತಿನ್ನುವ ಮಹಾಶಯರಿಗೆ ಕಟ್ಟಿಗೆ ಒಲೆಯ ರೊಟ್ಟಿಯೇ ಬೇಕು! ರುಚಿ ಅವರಿಗೆ, ಹೊಗೆ ಇವಳಿಗೆ.

ಆ ಹೊಗೆ ಅವಳ ಎದೆಯಲ್ಲೇ ಮನೆ ಮಾಡಿತು. ನಾಲ್ಕು ರೊಟ್ಟಿ ಬಡಿದರೆ ದಮ್ಮು. ಡಾಕ್ಟರು ಬಾಯಿಗೆ ಹೊಡೆದುಕೊಳ್ಳುವ ನೀಲಿ ಪಂಪು ಕೊಟ್ಟರು. ಅದನ್ನು ಕಳ್ಳಮಾಲಿನಂತೆ ಹಿಟ್ಟಿನ ಡಬ್ಬಿಯ ಹಿಂದೆ ಇಡುತ್ತಿದ್ದಳು.

"ದಮ್ಮಿನ ಮನಿ ಹುಡುಗಿ ಅಂದ್ರ ಯಾರ ಮಾಡ್ಕೋತಾರ್ರಿ, ಗೌರಕ್ಕ?"

"ಮೊದ್ಲ ನೀ ಉಳಿ, ಆಮ್ಯಾಲೆ ಅಳಿಯನ್ನ ಹುಡುಕು," ಎಂದು ನಾನು ಬೈಯುತ್ತಿದ್ದೆ.

ನವನಗರದಿಂದ ಗಂಡಿನವರು ಕನ್ಯಾ ನೋಡಲು ಬರುವ ದಿನ ಪಂಪನ್ನು ನನ್ನ ಕೈಗೆ ತುರುಕಿದಳು. "ಅವರು ಹೋಗೋತನಕ ನಿಮ್ಮ ಮನ್ಯಾಗ ಇರ್ಲಿರಿ." ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಪಾಪ, ಅವಳು ಹೇಳಹೊರಟದ್ದು ಒಂದೇ ಸುಳ್ಳು.

ಬಂದವರಿಗೆಂದು ಮಿರ್ಚಿ ಕರಿಯುವಾಗ ಶರಣವ್ವನಿಗೆ ಎಣ್ಣೆಯ ಘಾಟು ಹತ್ತಿತು. ಹಿತ್ತಲಿಗೆ ಓಡಿಬಂದು, ಕೆಮ್ಮು ಒಳಗೆ ಕೇಳಬಾರದೆಂದು ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಪಂಪು ತಂದೆ. ಅಷ್ಟರಲ್ಲಿ ಬೀಗರ ಕಡೆಯ ಹೆಣ್ಣುಮಗಳೊಬ್ಬಳು ಕೈ ತೊಳೆಯಲು ಹಿತ್ತಲ ಬಾಗಿಲಿಗೆ ಬಂದಳು. ಶರಣವ್ವ ನನ್ನ ಕೈ ನೂಕಿ, "ಅವರು... ಹೋಗ್ಲಿರಿ," ಎಂದಳು.

ಒಳಗೆ ಹುಡುಗನ ತಾಯಿ ದಾಕ್ಷಾಯಿಣಿಯವರು "ಹುಡುಗಿ ನಮಗ ಪಸಂದ ಅದಾಳ್ರಿ" ಎಂದದ್ದು ನಮಗಿಬ್ಬರಿಗೂ ಕೇಳಿಸಿತು. ಶರಣವ್ವ ಕಣ್ಣಲ್ಲೇ ನಕ್ಕಳು. ಅವರ ಗಾಡಿ ಓಣಿ ದಾಟುವ ಹೊತ್ತಿಗೆ ಅವಳ ತುಟಿ ಕಪ್ಪಿಟ್ಟಿತ್ತು. ಪಂಪು ಬಾಯಿಗಿಟ್ಟೆ. ಎಳೆದುಕೊಳ್ಳಲು ಉಸಿರೇ ಇರಲಿಲ್ಲ. ದವಾಖಾನೆ ಮುಟ್ಟುವುದರೊಳಗೆ ಹೋಗಿಬಿಟ್ಟಳು.

ಸಾವಿನ ಮನೆಗೆ ಮಾತಾಡಿಸಲು ಬಂದ ದಾಕ್ಷಾಯಿಣಿಯವರಿಗೆ ನಾನೇ ಸಿಟ್ಟಿನಿಂದ ಎಲ್ಲ ಹೇಳಿಬಿಟ್ಟೆ. ಮದುವೆ ಮುರಿದರೆ ಮುರಿಯಲಿ ಅನ್ನಿಸಿತ್ತು. ಅವರು ತಮ್ಮ ಬ್ಯಾಗು ತೆರೆದು ತೋರಿಸಿದರು. ಒಳಗೆ ಅಂಥದೇ ನೀಲಿ ಪಂಪು.

"ನಾನೂ ಅವತ್ತ ಗಾಡ್ಯಾಗ ಹೊಡ್ಕೊಂಡು ಇಳಿದಿದ್ದೆರಿ. ದಮ್ಮಿನ ಅತ್ತಿ ಇದ್ದ ಮನಿಗೆ ಹೆಣ್ಣ ಯಾರ ಕೊಡ್ತಾರ ಅಂತ... ಒಂದ ಮಾತ ಕೇಳಿದ್ರ ನಾನ ತಗದ ಕೊಡತಿದ್ನೆಲ್ರಿ!"

ಅಳುತ್ತ ಅಳುತ್ತ ಅವರಿಗೂ ದಮ್ಮು ಹತ್ತಿತು. ಕೋಣೆಯಲ್ಲಿ ಇದ್ದವರು ನಾವಿಬ್ಬರೇ. ಆದರೂ ಅವರು ಗೋಡೆಯ ಕಡೆ ತಿರುಗಿ, ಸೆರಗು ಮರೆ ಮಾಡಿಕೊಂಡು ಪಂಪನ್ನು ಬಾಯಿಗಿಟ್ಟರು.