ಮದರ್ ಕೊಟ್ಟ ಮಾವಿನಹಣ್ಣು

ವಿದ್ಯೆಯ ದಾಹವೆಂಬುದು ಮನುಷ್ಯನಿಗಿರುವ ದಾಹಗಳಲ್ಲೆಲ್ಲ ಪವಿತ್ರವಾದದ್ದು. ನನಗೆ ಅದು ಇರಲಿಲ್ಲ. ನನಗಿದ್ದದ್ದು ಬಸ್ಸಿನ ದಾಹ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಆ ದಿನಗಳಲ್ಲಿ ಗುಬ್ಬಿಯಿಂದ ಬೆಳಗ್ಗೆ ಹೊರಡುವ ಬಸ್ಸಿನಲ್ಲಿ ನೀಲಿ ಯೂನಿಫಾರಂ ತೊಟ್ಟು, ಎರಡು ಜಡೆಗೆ ಬಿಳಿ ರಿಬ್ಬನ್ ಕಟ್ಟಿದ ಕೆಲವು ಹುಡುಗಿಯರು ತುಮಕೂರಿನ ಸಿಸ್ಟರುಗಳ ಹೈಸ್ಕೂಲಿಗೆ ಹೋಗುತ್ತಿದ್ದರು. ಕಿಟಕಿ ಪಕ್ಕ ಕೂತು, ಹೊರಗೆ ನಿಂತ ನಮ್ಮನ್ನು ನೋಡಿಯೂ ನೋಡದ ಹಾಗಿರುತ್ತಿದ್ದರು. ಆ ಕಲೆಯನ್ನು ಕಲಿಯುವುದೇ ನನ್ನ ಬಾಳಿನ ಗುರಿಯಾಗಿತ್ತು.

ಏಳನೇ ಕ್ಲಾಸು ಪಾಸಾದ ಮೇಲೆ ಈ ಗುರಿಗೆ ಸ್ವಲ್ಪ ಗಾಂಭೀರ್ಯ ಬಂತು. ಅಪ್ಪನದು ಕೊಬ್ಬರಿ ಮಂಡಿ. ಒಂದು ಸಂಜೆ ಮಂಡಿಯಿಂದ ಬಂದು, ಮೈತುಂಬ ಕಮಟು ಎಣ್ಣೆಯ ವಾಸನೆ ಹೊತ್ತುಕೊಂಡೇ ಕಾಲು ತೊಳೆಯುತ್ತಾ ಅಮ್ಮನಿಗೆ ತೀರ್ಪು ಕೊಟ್ಟರು.

"ಸಿಸ್ಟರುಗಳ ಸ್ಕೂಲಲ್ಲಿ ಸೀಟು ಸಿಕ್ಕಿದ್ರೆ ಓದ್ಲಿ. ನಮ್ಮೂರ ಹೈಸ್ಕೂಲಲ್ಲಿ ಗಂಡುಹುಡುಗ್ರ ಮಧ್ಯೆ ಕೂರೋದು ಬ್ಯಾಡ. ಸಿಗದಿದ್ರೆ ಕುಣಿಗಲ್ಲಿಗೆ ಹೋಗಿ ಅವರತ್ತೆ ಹತ್ರ ಹೊಲಿಗೆ ಕಲೀಲಿ."

ಕುಣಿಗಲ್ಲಿನ ಅತ್ತೆ ಒಳ್ಳೆಯವರೇ. ಆದರೆ ಅವರ ಮನೆಗೆ ಹೊಲಿಗೆ ಕಲಿಯಲು ಹೋದ ಹುಡುಗಿಯರು ಮೊದಲು ದಿಂಬಿನ ಚೀಲ ಹೊಲಿಯುತ್ತಿದ್ದರು, ಆಮೇಲೆ ಲಂಗ ಹೊಲಿಯುತ್ತಿದ್ದರು, ಆಮೇಲೆ ಮದುವೆಯಾಗುತ್ತಿದ್ದರು. ಆ ಕೋರ್ಸಿನಲ್ಲಿ ಫೇಲಾದವರು ಯಾರೂ ಇರಲಿಲ್ಲ.

ಅರ್ಜಿ ಹಾಕಿದೆವು. ಇಡೀ ಜಿಲ್ಲೆಯೇ ಅರ್ಜಿ ಹಾಕಿತ್ತು. ಮೇ ತಿಂಗಳ ಬಿಸಿಲಲ್ಲಿ ಸ್ಕೂಲಿನ ಬೋರ್ಡಿಗೆ ಹೆಸರುಗಳನ್ನು ಅಂಟಿಸಿದಾಗ ಎದುರುಮನೆಯ ಶಾಹಿದಾಳ ಹೆಸರಿತ್ತು, ನನ್ನದಿರಲಿಲ್ಲ. ಅವಳಪ್ಪ ಟ್ರಂಕಿನ ಅಂಗಡಿಯವರು. "ಮದರನ್ನ ಒಂದ್ಸಲ ನೋಡಿ. ಅವ್ರು ಮನಸ್ಸು ಮಾಡಿದ್ರೆ ಆಯ್ತದೆ" ಎಂದು ಅವರೇ ಹೇಳಿದರು. ಹೆಡ್‌ಮಿಸ್ಟ್ರೆಸ್ ಸಿಸ್ಟರನ್ನು ಎಲ್ಲರೂ ಮದರ್ ಎನ್ನುತ್ತಿದ್ದರು.

ನೋಡುವವರು ಯಾರು? ಹೆಂಗಸೊಬ್ಬರ ಮುಂದೆ ಹೋಗಿ ಕೈಕಟ್ಟಿ ನಿಲ್ಲುವುದು ಅಪ್ಪನಿಂದ ಆಗದು. ಆ ಭಾರ ತಾತನ ಮೇಲೆ ಬಿತ್ತು. ತಾತನಿಗೆ ಸನ್ಯಾಸಿಗಳನ್ನು ಕಂಡು ಅಭ್ಯಾಸವಿತ್ತು. ತಿಂಗಳಿಗೊಮ್ಮೆ ಮಠಕ್ಕೆ ಹೋಗಿ ಬರುವವರು.

ಇಲ್ಲಿ ನಮ್ಮ ಮನೆಯ ಒಂದು ಕ್ರಮವನ್ನು ಹೇಳಬೇಕು. ಅಮ್ಮ ಮಾವನ ಮುಂದೆ ಮಾತಾಡುತ್ತಿರಲಿಲ್ಲ. ಅಪ್ಪ ತಾತನ ಮುಂದೆ ಕೂರುತ್ತಿರಲಿಲ್ಲ, ಎದುರು ಮಾತಂತೂ ಇಲ್ಲವೇ ಇಲ್ಲ. ತಾತ ಸ್ವಾಮಿಗಳ ಮುಂದೆ, ಅವರಾಗಿ ಕೇಳಿದರೂ, ಬೇಡಲು ತುಟಿ ತೆರೆಯುತ್ತಿರಲಿಲ್ಲ. ಹೀಗೆ ಮೌನವು ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ ಕೊನೆಗೆ ಶಿವನ ಹತ್ತಿರ ಹೋಗಿ ನಿಲ್ಲುತ್ತಿತ್ತು. ಅವನೂ ಮಾತಾಡುತ್ತಿರಲಿಲ್ಲ.

ತಾತ ಸ್ನಾನ ಮಾಡಿ, ವಿಭೂತಿ ಧರಿಸಿ, ಮಡಿಸಿಟ್ಟಿದ್ದ ಬಿಳಿ ಪಂಚೆ ಉಟ್ಟು ಹೊರಟರು. ನನ್ನ ಕೈಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ರಸಪುರಿ ಮಾವಿನಹಣ್ಣು ಜೋಡಿಸಿದ ತಟ್ಟೆ. ಹಿಂದೆ ಸೆರಗು ಹೊದ್ದ ಅಮ್ಮ. ಮದರ್ ಅವರ ಕೋಣೆಯ ಮುಂದೆ ಜನವೋ ಜನ. ಎಲ್ಲರೂ ಒಳಗೆ ಹೋಗಿ ಏನು ಹೇಳಬೇಕೆಂದು ಗುನುಗಿಕೊಳ್ಳುತ್ತಿದ್ದರು. ಅಮ್ಮ ನನ್ನ ಕಿವಿಯಲ್ಲಿ, "ಮಾರ್ಕ್ಸ್ ಹೇಳಕ್ಕೆ ಹೇಳು ತಾತಂಗೆ. ಕುಣಿಗಲ್ ವಿಷ್ಯಾನೂ ಹೇಳ್ಬೇಕಂತೆ ಅನ್ನು" ಎಂದಳು. ನಾನು ಹೇಳಿದೆ.

"ಸನ್ಯಾಸಿಗಳ ಮುಂದೆ ಬಾಯ್ಬಿಟ್ಟು ಬೇಡೋದಾ? ಅವ್ರಿಗೆಲ್ಲಾ ಗೊತ್ತಾಯ್ತದೆ, ಬುಡು" ಎಂದರು ತಾತ.

ಒಳಗೆ ನೆಲದ ಪಾಲಿಶಿನ ವಾಸನೆ, ತಲೆಯ ಮೇಲೆ ಕಿರ್ ಎನ್ನುವ ಫ್ಯಾನು. ತಾತ ಚಪ್ಪಲಿ ಹೊರಗೇ ಬಿಟ್ಟಿದ್ದರು. ಒಳಗೆ ಹೋದವರೇ ಕೈಮುಗಿದು, ಕುರ್ಚಿಯನ್ನು ದಾಟಿ, ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತರು. ಮಂಗಳೂರು ಕಡೆಯ ಮದರ್ ಗಾಬರಿಯಾಗಿ ಎದ್ದು ನಿಂತರು.

"ಅಯ್ಯೋ ಅಜ್ಜ, ಕುರ್ಚಿ ಉಂಟಲ್ಲ. ಮೇಲೆ ಕೂತುಕೊಳ್ಳಿ."

"ತಮ್ಮ ಮುಂದೆ ಕುರ್ಚಿನಾ ತಾಯಿ? ಇಲ್ಲೇ ಸುಖವಾಗಿದೀನಿ."

"ಎಂಥ ವಿಷಯ, ಹೇಳಿ."

"ತಮಗೆ ಗೊತ್ತಿಲ್ಲದ್ದು ಏನಿದೆ ತಾಯಿ."

ಮದರಿಗೆ ಗೊತ್ತಿರಲಿಲ್ಲ. ಅವರು ತಾತನನ್ನು ನೋಡಿದರು, ತಾತ ಅವರ ಪಾದಗಳನ್ನು ನೋಡಿದರು, ಅಮ್ಮ ಹಿಂದಿನಿಂದ ನನ್ನ ತೋಳು ಜಿಗುಟಿದಳು. ನನ್ನ ಕಾಲು ನಿಂತಲ್ಲಿ ನಿಲ್ಲದೆ ಒಂದರ ಮೇಲೊಂದು ಹತ್ತುತ್ತಿತ್ತು. ಕೊನೆಗೆ ಮದರ್ ನನ್ನ ಹೆಸರು ಕೇಳಿ, "ಒಳ್ಳೆ ಹುಡುಗಿ. ಚೆನ್ನಾಗಿ ಓದಬೇಕು" ಎಂದು ಹೇಳಿ, ತಟ್ಟೆಯನ್ನು ಮೇಜಿನ ಮೇಲಿರಿಸಿ, ಅದರಿಂದ ಒಂದು ಮಾವಿನಹಣ್ಣನ್ನು ತೆಗೆದು ನನ್ನ ಕೈಗಿಟ್ಟರು. ತಾತ ನನ್ನ ಕೈಯಿಂದ ಅದನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಸನ್ಯಾಸಿಗಳಿಗೆ ಬೆನ್ನು ತೋರಿಸಬಾರದೆಂದು ಹಿಂದುಹಿಂದಕ್ಕೇ ನಡೆದು, ಬಾಗಿಲಲ್ಲಿ ಕಾಯುತ್ತಿದ್ದ ಒಬ್ಬ ಮೇಷ್ಟರ ಕಾಲು ತುಳಿದು, ಹೊರಬಿದ್ದೆವು.

"ಆಯ್ತು" ಎಂದರು ತಾತ.

ಬಸ್ಸಿನಲ್ಲಿ ಅಮ್ಮ ನನ್ನ ಕಡೆ ಬಾಗಿ, "ಸೀಟು ಕೊಡ್ತೀನಿ ಅಂತ ಎಲ್ಲಂದ್ರು ಅಂತ ಕೇಳೇ" ಎಂದಳು. ತಾತನಿಗೆ ಅದು ನೇರವಾಗಿಯೇ ಕೇಳಿಸಿತ್ತು. ಆದರೂ ನಾನು ಹೇಳುವವರೆಗೆ ಕಾದು ಉತ್ತರ ಕೊಟ್ಟರು. "ಫಲ ಕೊಟ್ರಲ್ಲವ್ವ. ಓದು ಅಂತ ಬಾಯ್ತುಂಬ ಅಂದ್ರಲ್ಲ. ಇನ್ನೇನು ಬೇಕು ನಿಮ್ಮಮ್ಮಂಗೆ?"

ಮಠದಲ್ಲಿ ಸ್ವಾಮಿಗಳು ತಟ್ಟೆಯಿಂದ ಹಣ್ಣೆತ್ತಿ ಕೊಟ್ಟರೆ ಬಂದ ಕೆಲಸ ಆಯಿತೆಂದೇ ಅರ್ಥ. ಆ ಹಣ್ಣನ್ನು ಮನೆಮಂದಿಗೆಲ್ಲ ಚೂರುಚೂರು ಹಂಚಲಾಯಿತು. ನನಗೆ ಓಟೆ ಸಿಕ್ಕಿತು. ಅಪ್ಪನೂ ಅಂಗೈಯೊಡ್ಡಿ ಒಂದು ಚೂರು ತಿಂದರು. ಮೊಮ್ಮಗಳಿಗೆ ಸೀಟು ಸಿಕ್ಕಿದ ಸುದ್ದಿಯನ್ನು ತಾತ ಚೇಳೂರಿನ ನೆಂಟರಿಗೂ ಹೇಳಿ ಕಳಿಸಿದರು. ನೀಲಿ ಬಟ್ಟೆ ಬಂತು, ಯೂನಿಫಾರಂ ಆಯಿತು.

ಶಾಹಿದಾ ಮಾತ್ರ ಕುಂಟಾಬಿಲ್ಲೆ ಆಡುತ್ತಾ ನಕ್ಕಳು. "ಹಣ್ಣು ಕೊಟ್ರೆ ಸೀಟೇನೇ? ಹಂಗಾದ್ರೆ ನಮ್ಮಬ್ಬ ಒಂದು ಗಾಡಿ ಮಾವಿನಹಣ್ಣು ಹೊಡ್ಕೊಂಡು ಹೋಗ್ತಿದ್ರು. ನಮಗೆ ಸ್ಕೂಲಿಂದ ಕಾರ್ಡ್ ಬಂತು ಕಣೇ. ನಿಂಗೆ ಬಂತಾ?"

ಬಂದಿರಲಿಲ್ಲ. ಅವತ್ತಿನಿಂದ ನನಗೆ ಆಟದಲ್ಲಿ ಕಾಲು ನಿಲ್ಲದಾಯಿತು. ಬಿಲ್ಲೆ ಎಸೆದರೆ ಗೆರೆಯ ಮೇಲೆ, ಕುಂಟಿದರೆ ಗೆರೆಯ ಮೇಲೆ. ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಬೀದಿಯ ತುದಿಗೆ ಓಡುವುದು, ಅವನು ಬರಿಗೈ ಆಡಿಸಿ ಹೋದ ಮೇಲೆ ಬಸ್‌ಸ್ಟ್ಯಾಂಡಿಗೆ ಓಡುವುದು, ಅಲ್ಲಿ ಏನೂ ಕೆಲಸವಿಲ್ಲದ್ದರಿಂದ ಮತ್ತೆ ಮನೆಗೆ ಓಡುವುದು. ಅಮ್ಮ ಒಲೆಯ ಮುಂದೆ ಮುದ್ದೆ ತಿರುವುತ್ತಾ, "ತಾತನ್ನ ಇನ್ನೊಂದ್ಸಲ ಹೋಗಿ ಬರಕ್ಕೆ ಹೇಳೇ" ಎಂದರೆ, ತಾತ ಜಗಲಿಯಿಂದ, "ಒಂದ್ಸಲ ಆಯ್ತು ಅಂದ್ಮೇಲೆ ಮತ್ತೆ ಹೋದ್ರೆ ಅವ್ರನ್ನ ನಂಬಲಿಲ್ಲ ಅಂತಾಯ್ತದೆ" ಎನ್ನುತ್ತಿದ್ದರು. ಇಡೀ ಮನೆಯಲ್ಲಿ ನೆಮ್ಮದಿಯಾಗಿದ್ದವರು ಅವರೊಬ್ಬರೇ.

ಸ್ಕೂಲು ಶುರುವಾದ ದಿನ ನಾನು ನೀಲಿ ಯೂನಿಫಾರಂ ತೊಟ್ಟು, ಟೀಸಿ ಹಿಡಿದು, ತಾತ ಮತ್ತು ಅಮ್ಮನ ಜೊತೆ ಹೋದೆ. ಮದರ್ ನಮ್ಮನ್ನು ಕಂಡ ಕೂಡಲೇ ಗುರುತು ಹಿಡಿದರು. ನನ್ನ ಬಟ್ಟೆ ನೋಡಿ ಅವರ ಮುಖ ಸಪ್ಪಗಾಯಿತು.

"ಅಜ್ಜ, ಸೀಟು ಕೊಡ್ತೇನೆ ಅಂತ ನಾನು ಹೇಳಲೇ ಇಲ್ಲವಲ್ಲ?"

ತಾತ, "ನಾನೂ ಕೇಳಿರ್ಲಿಲ್ಲ ತಾಯಿ" ಎಂದರು. ಆಮೇಲೆ ತಿರುಗಿ, ನನ್ನನ್ನು ನಡುವೆ ಇಟ್ಟುಕೊಳ್ಳದೆ, "ನಂಗೆ ಬರಲ್ಲ. ನೀನೇ ಹೇಳಮ್ಮ" ಎಂದರು.

ಅಮ್ಮ ಸೆರಗು ಹಿಂದಕ್ಕೆ ಸರಿಸಿದಳು. ಅವಳ ದನಿ ಅಷ್ಟು ದೊಡ್ಡದೆಂದು ನನಗೆ ಗೊತ್ತೇ ಇರಲಿಲ್ಲ. "ಮದರ್, ಇವಳಿವತ್ತು ವಾಪಸ್ ಬಂದ್ರೆ ಓದು ಮುಗೀತು. ನಾನು ನಾಕನೇ ಕ್ಲಾಸಿಗೆ ಬಿಟ್ಟೋಳು, ಕಲ್ತಿದ್ದೂ ಮರ್ತೋಯ್ತು. ನಂಗೆ ಬಸ್ಸಿನ ಬೋರ್ಡ್ ಓದಕ್ಕೂ ಇವಳನ್ನ ಕೇಳ್ಬೇಕು. ಇವಳು ನನ್ನಂಗೆ ಯಾರ್ನೋ ಕೇಳ್ಕೊಂಡು ಬಸ್ ಹತ್ತೋದು ಬ್ಯಾಡ. ಬೆಂಚಿಲ್ದಿದ್ರೆ ನೆಲದ ಮೇಲೆ ಕೂರ್ತಾಳೆ."

ಮದರ್ ಕನ್ನಡಕ ತೆಗೆದು ಒರೆಸಿಕೊಂಡರು. "ಇದನ್ನು ಅವತ್ತೇ ಹೇಳಿದ್ರೆ ಏನಾದರೂ ನೋಡಬಹುದಿತ್ತಮ್ಮ. ಈಗ ಒಂದೂ ಸೀಟಿಲ್ಲ. ಇದ್ದಿದ್ರೆ ಕೊಡದೆ ಇರ್ತಿದ್ದೆನಾ?"

ಇರಲಿಲ್ಲ, ಅಷ್ಟೇ. ಬಸ್ಸಿನಲ್ಲಿ ನನಗೆ ಕಿಟಕಿ ಪಕ್ಕವೇ ಜಾಗ ಸಿಕ್ಕಿತು. ಏನನ್ನು ನೋಡಿದೆನೋ ನೆನಪಿಲ್ಲ. ಗುಬ್ಬಿ ಹತ್ತಿರ ಬಂದಾಗ, ಒಮ್ಮೆ ತೆರೆದ ಬಾಯಿ ಮತ್ತೆ ಮುಚ್ಚಲಾಗದವಳಂತೆ ಅಮ್ಮ ನೇರವಾಗಿ ಹೇಳಿದಳು. "ಮಾವ, ಇಳಿದವ್ರು ಹಂಗೇ ನಮ್ಮೂರ ಹೈಸ್ಕೂಲಿಗೆ ಹೋಗಣ."

"ನಿನ್ನ ಗಂಡ?"

"ನೀವಿದೀರಲ್ಲ."

ತಾತ ಪಂಚೆ ಸರಿಮಾಡಿಕೊಂಡರು. ಹೈಸ್ಕೂಲಿನಲ್ಲಿ ಅವರು ಈ ಸಲ ಕುರ್ಚಿಯ ಮೇಲೆಯೇ ಕೂತು, ಗಟ್ಟಿಯಾಗಿ, "ಮಗೀಗೆ ಸೀಟು ಬೇಕು" ಎಂದರು. ಹೆಡ್‌ಮಾಸ್ಟರು ನನ್ನ ನೀಲಿ ಯೂನಿಫಾರಂ ನೋಡಿ, "ಇಲ್ಲಿ ಸೀಟಿಗೇನೂ ಬರ ಇಲ್ಲ ಯಜಮಾನ್ರೇ, ಹೆಣ್ಮಕ್ಕಳಿಗೇ ಬರ" ಎಂದು ಟೀಸಿಗೆ ಕೈಚಾಚಿದರು.

ಸಂಜೆ ಅಪ್ಪ ಮಂಡಿಯಿಂದ ಬಂದಾಗ ತಾತ ಜಗಲಿಯ ಮೇಲಿದ್ದರು. "ಮಗೀನ ಇಲ್ಲೇ ಸೇರ್ಸಿ ಬಂದಿದೀನಿ" ಎಂದರು. ಅಪ್ಪ ಬಾಯಿ ತೆರೆದರು. ತಾತ ಅವರನ್ನೇ ನೋಡುತ್ತಿದ್ದರು. ಅಪ್ಪ ಬಾಯಿ ಮುಚ್ಚಿ, ಟವೆಲು ತೆಗೆದುಕೊಂಡು ಒಳಗೆ ಹೋದರು. ಊಟಕ್ಕೆ ಕೂತಾಗ ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದರು. ಆಗಿರಲಿಲ್ಲ.

ಈಗ ಅಣ್ಣನ ಮೊಮ್ಮಗಳ ಸೀಟಿಗೆ ಮೊಬೈಲಿನಲ್ಲೇ ಅರ್ಜಿ ಹಾಕುತ್ತಾರೆ, ಮೊಬೈಲಿನಲ್ಲೇ ಇಲ್ಲ ಎನ್ನಿಸಿಕೊಳ್ಳುತ್ತಾರೆ, ಮೊಬೈಲಿನಲ್ಲೇ ಜಗಳವಾಡುತ್ತಾರೆ. ಸ್ನಾನ ಮಾಡಿ ಹೊರಡಬೇಕಾದ್ದಿಲ್ಲ. ಮನೆಯಲ್ಲಿ ಎಲ್ಲರೂ ಎಲ್ಲರೊಂದಿಗೂ ಮಾತಾಡುತ್ತಾರೆ. ಅದು ಒಳ್ಳೆಯದೇ, ಅಮ್ಮ ಇದ್ದಿದ್ದರೆ ಸಂತೋಷಪಡುತ್ತಿದ್ದಳು. ಆದರೆ ಹೇಳದೆಯೇ ಎದುರಿನವರಿಗೆ ತಿಳಿಯುತ್ತದೆ ಎಂದು ನಂಬಿ, ಪರಧರ್ಮದ ಸನ್ಯಾಸಿನಿಯ ಮುಂದೆ ನೆಲದ ಮೇಲೆ ನಿಶ್ಚಿಂತೆಯಿಂದ ಕೂರಬಲ್ಲ ಮುದುಕರು ಈಗ ಎಲ್ಲೂ ಕಾಣುವುದಿಲ್ಲ. ಆ ನಂಬಿಕೆ ನನಗೆ ಒಂದು ಸೀಟು ತಪ್ಪಿಸಿತು. ಆದರೂ ಅದಿಲ್ಲದ ಊರಿನಲ್ಲಿ ನನ್ನ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ.

ತುಮಕೂರಿನಲ್ಲಿ ನನಗೆ ಸೀಟು ಸಿಗಲಿಲ್ಲ. ಗುಬ್ಬಿಯಲ್ಲೇ ಎಸ್ಸೆಸ್ಸೆಲ್ಸಿ ಮುಗಿಸಿದೆ, ಸೆಕೆಂಡ್ ಕ್ಲಾಸಿನಲ್ಲಿ.